ಬೇಲಿಯ ಮೇಲಿನ ಈಶ್ವರಿ ಬಳ್ಳಿ

ಮಳೆಗಾಲ ಮುಗಿಯುವ ಹೊತ್ತು. ತೀರ್ಥಹಳ್ಳಿ ಕಡೆಯ ನೆಂಟರ ಮನೆಯ ಜಗಲಿಯಲ್ಲಿ ಕೂತಿದ್ದೆವು. ಅಂಗಳದ ಅಂಚಿನ ಕೇಪಳದ ಹೂವಿಗೆ ಒಂದು ದೊಡ್ಡ ಚಿಟ್ಟೆ, ಸದರ್ನ್ ಬರ್ಡ್‌ವಿಂಗ್ ಬಂತು. ಕಪ್ಪು ಮುಂದಿನ ರೆಕ್ಕೆ, ಚಿನ್ನದ ಹಳದಿಯ ಹಿಂದಿನ ರೆಕ್ಕೆ, ಕತ್ತಿನ ಹತ್ತಿರ ಚೂರು ಕೆಂಪು. ಹೂವಿನ ಮೇಲೆ ಕೂತರೂ ಅದರ ಮುಂದಿನ ರೆಕ್ಕೆ ಸುಮ್ಮನಿರುವುದಿಲ್ಲ, ನಡುಗುತ್ತಲೇ ಇರುತ್ತದೆ. ಇದು ನಮ್ಮ ರಾಜ್ಯದ ಚಿಟ್ಟೆ ಅಂತ ಅಲ್ಲಿದ್ದ ಮಕ್ಕಳಿಗೆ ತೋರಿಸಿದೆ. ಮೊದಲೆಲ್ಲ ಈ ಅಂಗಳಕ್ಕೆ ಜಾಸ್ತಿ ಬರುತ್ತಿತ್ತು, ಈಗ ಅಪರೂಪವಾಗಿದೆ ಅಂತಲೂ ಹೇಳಿದೆ. ಪಕ್ಕದಲ್ಲಿದ್ದವರೊಬ್ಬರು ಫೋನಿನಲ್ಲಿ ಹುಡುಕಿ ನೋಡಿದರು. "ಇದಕ್ಕೇನೂ ಅಪಾಯ ಇಲ್ವಲ್ಲ, ಲೀಸ್ಟ್ ಕನ್ಸರ್ನ್ ಅಂತ ಹಾಕಿದ್ದಾರೆ. ಮತ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ?" ಅಂದರು. ಅವರು ಕೊಂಕು ಮಾತಾಡಿದ್ದಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದು. ಅವತ್ತು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಚಿಟ್ಟೆಯ ಮರಿಗಳು ತಿನ್ನುವ ಈಶ್ವರಿ ಬಳ್ಳಿ ಹಬ್ಬುವುದು ತೋಟದ ಬೇಲಿಗಳ ಮೇಲೆ. ಹಾಗಾಗಿ ಆಮೇಲೆ ತೋಟದ ಬೇಲಿ ಕಂಡಾಗೆಲ್ಲ ಆ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತಿದೆ.

ಅವರು ಓದಿದ್ದರಲ್ಲಿ ತಪ್ಪೇನಿಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಚಿಟ್ಟೆ ಇರುವುದು ಆತಂಕ ಅತಿ ಕಡಿಮೆ ಇರುವ ಗುಂಪಿನಲ್ಲೇ. ಅದಕ್ಕೆ ಕಾರಣವೂ ಇದೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇಲ್ಲ. ಆದರೆ ಇರುವ ಕಡೆ ಚೆನ್ನಾಗಿಯೇ ಇದೆ. ಮಹಾರಾಷ್ಟ್ರದ ದಕ್ಷಿಣದಿಂದ ಕೇರಳದವರೆಗೆ ಘಟ್ಟದ ಉದ್ದಕ್ಕೂ ಸಿಗುತ್ತದೆ. ದಟ್ಟ ಕಾಡೇ ಬೇಕು ಅನ್ನುವ ಜೀವವೂ ಅಲ್ಲ. ಕಾಡಿನ ಅಂಚು, ತೋಟ, ಊರಿನ ಹಿತ್ತಿಲು, ಎಲ್ಲ ಕಡೆ ಹಾರಾಡುತ್ತದೆ. 1779ರಲ್ಲಿ ಅಚ್ಚಾದ, ಕ್ರಾಮರ್ ಅನ್ನುವ ಡಚ್ಚರವನ ಪುಸ್ತಕದಲ್ಲಿ ಇದಕ್ಕೆ ವಿಜ್ಞಾನದ ಹೆಸರು ಸಿಕ್ಕಿತು. ಆಗಿನಿಂದ ಇದನ್ನು ನೋಡಿದವರೆಲ್ಲ ಇದರ ಗಾತ್ರ ಕಂಡು ಬೆರಗಾಗಿದ್ದಾರೆ. 1932ರಲ್ಲಿ ದಾಖಲಾದ ಒಂದು ಚಿಟ್ಟೆಯ ರೆಕ್ಕೆಯ ಅಗಲ 190 ಮಿಲಿಮೀಟರ್. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನಲ್ಲಿ ಸಿಕ್ಕ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣು 194 ಮಿಲಿಮೀಟರ್ ಇತ್ತು. ಅಲ್ಲಿಯವರೆಗೆ ದೇಶದ ಅತಿ ದೊಡ್ಡ ಚಿಟ್ಟೆ ಅನ್ನುವ ಪಟ್ಟ ನಮ್ಮದಕ್ಕೇ ಇತ್ತು. ಮಹಾರಾಷ್ಟ್ರ 2015ರಲ್ಲಿ ಬ್ಲೂ ಮಾರ್ಮನ್ ಅನ್ನು ತನ್ನ ಚಿಟ್ಟೆ ಮಾಡಿಕೊಂಡ ಮೇಲೆ ಕರ್ನಾಟಕ ಇದನ್ನು ಆರಿಸಿಕೊಂಡಿತು. ನಮ್ಮ ಬಾವುಟದ ಹಳದಿ ಕೆಂಪು ಇದರ ಮೈಮೇಲೂ ಇದೆ ಅಂತ ಎಲ್ಲರಿಗೂ ಖುಷಿಯಾಯಿತು. ನನಗೂ ಆಯಿತು.

ಕಾನೂನಿನ ಕಾವಲೂ ಇಲ್ಲದೆ ಇಲ್ಲ. ಬರ್ಡ್‌ವಿಂಗ್‌ಗಳ ಇಡೀ ಬಳಗ, ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿದೆ. ಸಂಗ್ರಹಕಾರರಿಗೆ ಇವುಗಳ ಮೇಲೆ ಎಂಥ ಆಸೆ ಇತ್ತು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ನಮ್ಮದು ಎರಡನೇ ಅನುಬಂಧದಲ್ಲಿದೆ. ಅಂದರೆ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಮೊದಲನೆಯದರಲ್ಲಿ ಇರುವುದು ಪಾಪುವಾ ನ್ಯೂಗಿನಿಯ ಕ್ವೀನ್ ಅಲೆಕ್ಸಾಂಡ್ರಾ, ಜಗತ್ತಿನ ಅತಿ ದೊಡ್ಡ ಚಿಟ್ಟೆ. ಅದು ಇರುವುದು ಓರೋ ಅನ್ನುವ ಒಂದು ಪ್ರಾಂತ್ಯದ ಕಾಡಿನಲ್ಲಿ ಮಾತ್ರ. 1951ರಲ್ಲಿ ಲ್ಯಾಮಿಂಗ್ಟನ್ ಜ್ವಾಲಾಮುಖಿ ಸಿಡಿದು ಆ ಕಾಡಿನ ಒಂದು ಪಾಲು ಹೋಯಿತು. ಉಳಿದದ್ದನ್ನು ತಾಳೆ ಎಣ್ಣೆಯ ತೋಟಗಳು ಒತ್ತಿಕೊಂಡು ಬಂದವು. ಅದರ ಪಕ್ಕ ಇಟ್ಟು ನೋಡಿದರೆ ನಮ್ಮ ಚಿಟ್ಟೆ ಸುಖವಾಗಿದೆ, ಒಪ್ಪುತ್ತೇನೆ.

ಆದರೆ ಆ ಪಟ್ಟಿ ಅಳೆಯುವುದು ಇಡೀ ಜಾತಿ ಭೂಮಿಯಿಂದಲೇ ಅಳಿಯುವ ಅಪಾಯವನ್ನು. ಹೊಸನಗರದ ಯಾವುದೋ ಕೇರಿಯ ತೋಟದಲ್ಲಿ ಅದು ಇನ್ನೂ ಇದೆಯೋ ಇಲ್ಲವೋ ಅನ್ನುವುದು ಅದರ ಲೆಕ್ಕಕ್ಕೆ ಬರುವ ವಿಷಯವಲ್ಲ, ಬರಬೇಕಾಗಿಯೂ ಇಲ್ಲ. ಒಂದು ಚಿಟ್ಟೆ ನೂರು ಊರುಗಳಿಂದ ಮರೆಯಾಗಿ ಸಾವಿರ ಊರುಗಳಲ್ಲಿ ಉಳಿದರೆ ಪಟ್ಟಿಯಲ್ಲಿ ಅದರ ಜಾಗ ಬದಲಾಗುವುದಿಲ್ಲ. ನನ್ನ ಚಿಂತೆ ಇರುವುದು ಆ ನೂರು ಊರುಗಳದ್ದು. ಅವುಗಳಲ್ಲಿ ಒಂದು ನನ್ನ ಊರೂ ಆಗಿರಬಹುದು, ಅಲ್ವಾ?

ದೊಡ್ಡಮ್ಮನ ಬೇಲಿ

ಸಣ್ಣವಳಿದ್ದಾಗ ರಜೆಗೆ ಹೋಗುತ್ತಿದ್ದ ದೊಡ್ಡಮ್ಮನ ಮನೆ ತೋಟದ ತಲೆಯ ಮೇಲೆ ಇತ್ತು. ಮನೆಗೂ ತೋಟಕ್ಕೂ ನಡುವೆ ಒಂದು ಬೇಲಿ. ಲಕ್ಕಿ, ಗೊಬ್ಬರದ ಗಿಡ, ದಾಸವಾಳ, ಎಲ್ಲ ಸೇರಿ ಬೆಳೆದ ಬೇಲಿ. ಅದರ ಮೇಲೆ ಈಶ್ವರಿ ಬಳ್ಳಿ ಹಬ್ಬಿತ್ತು. ಅದರ ಹೂವನ್ನು ಹತ್ತಿರದಿಂದ ನೋಡಬೇಕು. ಬುಡದಲ್ಲಿ ಉಬ್ಬಿದ ಗುಂಡು, ಅದರಿಂದ ಮೇಲೆದ್ದ ಸಣ್ಣ ಕೊಳವೆ, ತುದಿಯಲ್ಲಿ ಕಂದು ಬಣ್ಣದ ನಾಲಿಗೆ. ಸಣ್ಣ ನೊಣಗಳು ವಾಸನೆಗೆ ಮರುಳಾಗಿ ಕೊಳವೆಯೊಳಗೆ ಇಳಿಯುತ್ತವೆ. ಒಳಗಿನ ರೋಮಗಳು ಅವನ್ನು ಹೊರಗೆ ಬಿಡುವುದಿಲ್ಲ. ಹೂವಿನ ಪರಾಗ ಬಲಿತ ಮೇಲೆ ರೋಮ ಬಾಡುತ್ತದೆ, ನೊಣ ಪರಾಗ ಹೊತ್ತು ಹೊರಬೀಳುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಆಗ ನಮ್ಮ ಕಣ್ಣು ಇದ್ದದ್ದು ಹುಳಗಳ ಮೇಲೆ.

ಮಳೆ ಹಿಡಿದು ಬಳ್ಳಿ ಚೆನ್ನಾಗಿ ಚಿಗುರಿದಾಗ ಅದರ ತುಂಬ ಹುಳ ಇರುತ್ತಿದ್ದವು. ಬೆರಳಿನ ಗಾತ್ರದ, ಕಪ್ಪುಗೆಂಪು ಬಣ್ಣದ ಹುಳ. ಮೈತುಂಬ ಮೆತ್ತನೆಯ ಮುಳ್ಳು. ನಡುವೆ ಓರೆಯಾಗಿ ಒಂದು ತಿಳಿ ಬಣ್ಣದ ಪಟ್ಟೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಒಂದು ಕೊಂಬು ಚಿಮ್ಮುತ್ತಿತ್ತು. ಜೊತೆಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ನಮಗೆ ಅದೇ ಆಟ. ದೊಡ್ಡಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕೂಗುತ್ತಿದ್ದಳು. "ಅದರ ಪಾಡಿಗೆ ಅದು ತಿನ್ಲಿ ಬಿಡ್ರೇ. ಬೇರು ಇದ್ರೆ ಎಲೆ ಮತ್ತೆ ಬರುತ್ತೆ." ಕೆಲಸದವರು ಬೇಲಿ ಸವರಲು ಬಂದರೆ ಅವಳು ಖುದ್ದಾಗಿ ಹೋಗಿ ನಿಲ್ಲುತ್ತಿದ್ದಳು. ಲಕ್ಕಿ ಕಡಿಯಬಹುದು, ಗೊಬ್ಬರದ ಗಿಡ ಕಡಿಯಬಹುದು, ಈಶ್ವರಿ ಬಳ್ಳಿಗೆ ಮಾತ್ರ ಕತ್ತಿ ತಾಗಬಾರದು.

ಅವಳು ಅದನ್ನು ಕಾಯುತ್ತಿದ್ದದ್ದು ಚಿಟ್ಟೆಗಾಗಿ ಅಲ್ಲ, ಬೇರಿಗಾಗಿ. ಒಣಗಿಸಿದ ಬೇರಿನ ತುಂಡುಗಳು ಅಟ್ಟದಲ್ಲಿ ಒಂದು ಡಬ್ಬಿಯಲ್ಲಿ ಸದಾ ಇರುತ್ತಿದ್ದವು. ಹೊಟ್ಟೆನೋವಿಗೆ, ಜ್ವರಕ್ಕೆ ತೇಯ್ದು ಕೊಡುವುದು. ಹಾವಿನ ನಂಜಿಗೂ ಅದೇ ಮದ್ದು ಅನ್ನುವ ನಂಬಿಕೆ. ಮಲೆನಾಡಿನ ಮನೆಮನೆಯಲ್ಲಿ ಇದ್ದ ನಂಬಿಕೆ ಅದು. ಕೇರಿಯಲ್ಲಿ ಯಾರಿಗೆ ಬೇಕಾದರೂ ಅವಳ ಹತ್ತಿರ ಬರುತ್ತಿದ್ದರು. ಹಾಗಾಗಿ ಆ ಬಳ್ಳಿ ಒಬ್ಬರ ಸ್ವತ್ತಲ್ಲ, ಕೇರಿಗೇ ಸೇರಿದ್ದು ಅನ್ನುವಂತೆ ಇತ್ತು.

ಆ ಬೇರನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು ಅಂತ ಈಗ ನಮಗೆ ಗೊತ್ತು. ಈ ಬಳ್ಳಿಯ ಬಳಗದಲ್ಲೆಲ್ಲ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ. ಅದು ಮನುಷ್ಯರ ಮೂತ್ರಪಿಂಡವನ್ನು ಹಾಳು ಮಾಡುತ್ತದೆ, ಕ್ಯಾನ್ಸರ್ ತರುತ್ತದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಇದೇ ಬಳಗದ ಒಂದು ಗಿಡ ಸೇರಿಹೋಗಿ ನೂರರಷ್ಟು ಹೆಂಗಸರ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಾವು ಕಚ್ಚಿದರೆ ಆಸ್ಪತ್ರೆಗೇ ಓಡಬೇಕು, ಆಂಟಿವೆನಮ್ ಒಂದೇ ಮದ್ದು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬಳ್ಳಿ ಉಳಿಸಿ ಅಂತ ಬರೆಯುವವರು ಅದರ ಔಷಧಿಯ ಗುಣವನ್ನೂ ಹೊಗಳಿಬಿಡುತ್ತಾರೆ. ಅದು ಆಗಬಾರದು.

ನನ್ನನ್ನು ಕಾಡುವ ಗಂಟು ಇರುವುದು ಇಲ್ಲೇ. ಈಶ್ವರಿ ಬಳ್ಳಿ ನಮ್ಮ ಬೇಲಿಗಳ ಮೇಲೆ ಇಷ್ಟು ಕಾಲ ಉಳಿದದ್ದಕ್ಕೆ ಒಂದು ಕಾರಣವಿತ್ತು. ಮನೆಯಲ್ಲಿ ಅದರ ಹೆಸರು ಹೇಳುವ ಒಬ್ಬ ಹೆಂಗಸು ಇದ್ದಳು, ಅದನ್ನು ಕಡಿಯಬೇಡ ಅನ್ನುವ ಅಧಿಕಾರ ಅವಳಿಗೆ ಇತ್ತು. ಬೇರಿನ ಮದ್ದು ಹೋಯಿತು. ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಬಳ್ಳಿಯನ್ನು ಗುರುತಿಸುವ ಕಣ್ಣೂ ಹೋಯಿತು. ಈಗ ಬೇಲಿ ಸವರುವಾಗ ಯಾರೂ ಬಂದು ನಿಲ್ಲುವುದಿಲ್ಲ.

ವಿಷ ಉಂಡು ಬೆಳೆಯುವವರು

ನಮಗೆ ನಂಜಾದ ಅದೇ ಆಮ್ಲ ಈ ಹುಳಕ್ಕೆ ರಕ್ಷಣೆ. ಎಲೆ ತಿಂದು ಅದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೋಶದಿಂದ ಹೊರಬಂದ ಚಿಟ್ಟೆಯಲ್ಲೂ ಆ ವಿಷ ಇರುತ್ತದೆ. ಒಂದು ಸಲ ಬಾಯಿ ಹಾಕಿ ಕೆಟ್ಟ ರುಚಿ ಕಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಬರ್ಡ್‌ವಿಂಗ್‌ಗೆ ಹಾರುವಾಗ ಅವಸರವಿಲ್ಲ. ಅಡಿಕೆ ಮರದ ಹೆಡೆಗಳ ಮೇಲೆ ನಿಧಾನಕ್ಕೆ ತೇಲಿಕೊಂಡು ಹೋಗುತ್ತದೆ. ಬೆಳಗಿನ ಹೊತ್ತು ಮಾತ್ರ ಹೂವಿಗೆ ಕೆಳಗೆ ಇಳಿಯುವುದು ಜಾಸ್ತಿ.

ಬರ್ಡ್‌ವಿಂಗ್ ಮರಿಗಳಿಗೆ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳ ಎಲೆ ಬಿಟ್ಟರೆ ಬೇರೆ ಊಟ ಇಲ್ಲ. ಹೂವಿನ ರಸ ಎಲ್ಲಿ ಬೇಕಾದರೂ ಸಿಗುತ್ತದೆ. ಲಂಟಾನದಲ್ಲೂ ಸಿಗುತ್ತದೆ. ಹಾಗಾಗಿ ಹೂದೋಟ ಮಾಡಿದರೆ ಚಿಟ್ಟೆ ಉಳಿಯುತ್ತದೆ ಅನ್ನುವುದು ಅರ್ಧ ಮಾತು ಮಾತ್ರ. ಇದೇ ಬಳ್ಳಿಯ ಮೇಲೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಅನ್ನುವ ಇನ್ನೆರಡು ಚಿಟ್ಟೆಗಳೂ ಬೆಳೆಯುತ್ತವೆ. ನಮ್ಮ ನಿಂಬೆ, ಕರಿಬೇವಿನ ಗಿಡದಲ್ಲಿ ಮೊಟ್ಟೆಯಿಡುವ ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ಈ ಎರಡರ ವೇಷ ಹಾಕಿ ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ನಕಲಿಗೆ ಬೆಲೆ ಇರುವುದು ಅಸಲು ಅಲ್ಲೇ ಸುತ್ತಮುತ್ತ ಇದ್ದಾಗ. ಅಂದರೆ ಒಂದು ಬಳ್ಳಿ ಹೋದರೆ ಅದನ್ನು ತಿನ್ನದ ಚಿಟ್ಟೆಗೂ ನಷ್ಟವೇ.

ಕ್ರಿಮ್ಸನ್ ರೋಸ್ ಸಂಗತಿ ಇನ್ನೂ ಸ್ವಲ್ಪ ಹೇಳಬೇಕು. ಅದು ಸಾಕಷ್ಟು ಸಾಮಾನ್ಯವಾದ ಚಿಟ್ಟೆ. ಹಾಗಿದ್ದರೂ 2022ರ ತಿದ್ದುಪಡಿಗೆ ಮೊದಲು ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ, ಹುಲಿ ಆನೆಗಳ ಜೊತೆಯಲ್ಲಿ ಇತ್ತು. ಅದನ್ನು ಹಿಡಿದರೆ ದೊಡ್ಡ ಅಪರಾಧವಾಗಿತ್ತು. ಅದರ ಮರಿಯ ಊಟವಾದ ಬಳ್ಳಿಯನ್ನು ಬೇಲಿಯಿಂದ ಬುಡ ಸಮೇತ ಕಿತ್ತು ಸುಟ್ಟರೆ ಮಾತ್ರ ಯಾರೂ ಕೇಳುವವರಿಲ್ಲ. ಕಾಯ್ದೆಗೆ ಬಲೆ ಹಿಡಿದವನು ಕಾಣುತ್ತಾನೆ. ನಮ್ಮ ಕಡೆ ಚಿಟ್ಟೆಗಳು ಕಡಿಮೆಯಾಗುತ್ತಿರುವುದು ಬಲೆಯಿಂದ ಅಲ್ಲ.

1890ರ ದಶಕದಲ್ಲಿ, ಪಕ್ಕದ ಉತ್ತರ ಕನ್ನಡದಲ್ಲಿ, ಮೂವರು ಬ್ರಿಟಿಷ್ ಅಧಿಕಾರಿಗಳಿಗೆ ಚಿಟ್ಟೆಯ ಹುಚ್ಚು ಹಿಡಿದಿತ್ತು. ಕಲೆಕ್ಟರ್ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್, ಉಪ್ಪು ಮತ್ತು ಸುಂಕದ ಇಲಾಖೆಯ ಐಟ್ಕೆನ್. ಅವರು ಹುಳಗಳನ್ನು ತಂದು ಸಾಕಿ, ಯಾವ ಹುಳ ಯಾವ ಎಲೆ ತಿನ್ನುತ್ತದೆ ಅಂತ ಒಂದೊಂದಾಗಿ ಬರೆದಿಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಘಟ್ಟದ ಚಿಟ್ಟೆಗಳ ಆಹಾರದ ಗಿಡಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅಲ್ಲಿಂದಲೇ ಶುರುವಾಗಿದ್ದು. ರೆಕ್ಕೆ ನೋಡಿ ಮರುಳಾಗುವ ಕಾಲದಲ್ಲಿ ಅವರು ಎಲೆಯನ್ನು ನೋಡಿದರು. ಅವರ ಮೇಲೆ ನನಗೆ ಗೌರವ ಇರುವುದು ಈ ಕಾರಣಕ್ಕೆ.

ಕೊಯ್ಲಿಗೆ ಮುಂಚಿನ ದಿನಗಳು

ಅಡಿಕೆ ಕೊಯ್ಲಿಗೆ ಮುಂಚೆ ತೋಟ ಸವರುವುದು ವಾಡಿಕೆ. ಬಿದ್ದ ಕಾಯಿ ಕಾಣಬೇಕು, ಓಡಾಡಲು ಜಾಗ ಬೇಕು. ಮೊದಲು ಕತ್ತಿಯಲ್ಲಿ ಮಾಡುತ್ತಿದ್ದರು. ಕತ್ತಿ ಹಿಡಿದವನ ಕಣ್ಣು ಗಿಡದ ಮೇಲೆ ಇರುತ್ತದೆ, ಬೇಡದ್ದನ್ನು ಕಡಿದು ಬೇಕಾದ್ದನ್ನು ಬಿಡಬಹುದು. ಈಗ ಆಳು ಸಿಗುವುದಿಲ್ಲ. ವೀಡ್ ಕಟ್ಟರ್ ಬಂದಿದೆ. ಅದೂ ಆಗದ ಕಡೆ ಕಳೆನಾಶಕ ಹೊಡೆಯುತ್ತಾರೆ. ಹೊಸನಗರದ ಹತ್ತಿರದ ಒಂದು ತೋಟದಲ್ಲಿ ಹೀಗೆ ಸವರಿದ ಮಾರನೇ ದಿನ ನಾನಿದ್ದೆ. ದರೆಯ, ಅಂದರೆ ತೋಟದ ಬದಿಯ ಕಡಿದಾದ ಮಣ್ಣಿನ ದಿಣ್ಣೆಯ, ಅಂಚು ಪೂರ್ತಿ ಬೋಳು. ಹಿಂದಿನ ವಾರ ಅಲ್ಲಿ ಈಶ್ವರಿ ಬಳ್ಳಿ ಇತ್ತು, ಎಲೆಯ ಅಡಿಯಲ್ಲಿ ಒಂದೊಂದೇ ಅಂಟಿಸಿದ ಕಿತ್ತಳೆ ಬಣ್ಣದ ದುಂಡು ಮೊಟ್ಟೆಗಳೂ ಇದ್ದವು.

ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಒಂದು ಹೆಣ್ಣು ಬರ್ಡ್‌ವಿಂಗ್ ಬಂತು. ಹಿಂದಿನ ರೆಕ್ಕೆಯ ಹಳದಿಯಲ್ಲಿ ಕಪ್ಪು ಚುಕ್ಕಿಗಳ ಸಾಲು ಇದ್ದರೆ ಅದು ಹೆಣ್ಣು. ಮೊಟ್ಟೆಯಿಡಲು ಬಂದ ಹೆಣ್ಣು ಹೂವಿನ ಕಡೆ ನೋಡುವುದಿಲ್ಲ. ಎಲೆಯ ಮೇಲೆ ಕೂತು ಮುಂಗಾಲಿನಿಂದ ತಟ್ಟುತ್ತದೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಲ್ಲೂ ಹೌದು. ತಟ್ಟಿ ನೋಡಿ, ಇದು ನನ್ನ ಮಕ್ಕಳ ಊಟವೋ ಅಲ್ಲವೋ ಅಂತ ತೀರ್ಮಾನ ಮಾಡುತ್ತದೆ. ಅದು ದರೆಯ ಉದ್ದಕ್ಕೂ ಹೋಯಿತು. ಉಳಿದಿದ್ದ ಒಂದು ಕಾಳುಮೆಣಸಿನ ಎಲೆ ತಟ್ಟಿತು, ಬಿಟ್ಟಿತು. ಕೆಸುವಿನ ಎಲೆ ತಟ್ಟಿತು, ಬಿಟ್ಟಿತು. ಕಡಿದು ಬಿದ್ದು ಬಾಡಿದ ರಾಶಿಯ ಮೇಲೆ ತುಂಬ ಹೊತ್ತು ಸುತ್ತಿತು. ಬಾಡಿದರೂ ವಾಸನೆ ಇತ್ತೋ ಏನೋ. ನನಗೆ ಅಲ್ಲಿ ನಿಂತು ನೋಡಲು ಕಷ್ಟವಾಯಿತು. ತೋಟದ ಯಜಮಾನರಿಗೆ ಹೇಳಿದೆ. "ಅಯ್ಯೋ, ಗೊತ್ತಿದ್ರೆ ಅಷ್ಟು ಜಾಗ ಬಿಡಿಸ್ತಿದ್ದೆ" ಅಂದರು. ಆ ಮಾತು ನಿಜ ಅಂತಲೇ ನಂಬುತ್ತೇನೆ. ಎಲೆಚುಕ್ಕಿ ರೋಗ, ಕೊಳೆ, ಆಳಿನ ಕೂಲಿ, ಇವೆಲ್ಲದರ ನಡುವೆ ತೋಟ ಉಳಿಸಿಕೊಳ್ಳುವುದೇ ದೊಡ್ಡದಾಗಿರುವಾಗ ರೈತರನ್ನು ದೂರಿ ಏನೂ ಬರುವುದಿಲ್ಲ. ಅವರಿಗೆ ಆ ಬಳ್ಳಿ ಯಾವುದು ಅಂತ ತೋರಿಸಿದವರೇ ಇರಲಿಲ್ಲ.

ಕಾನು ಉಳಿದಿದ್ದು ಹೇಗೆ

ಬಳಕೆ ಇದ್ದದ್ದು ಉಳಿಯುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿ ಇದೆ. ಸೊರಬ, ಸಾಗರದ ಕಾನುಗಳು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಅಧಿಕಾರಿಗಳು ಸೊರಬ ತಾಲ್ಲೂಕು ಒಂದರಲ್ಲೇ 171 ಕಾನುಗಳ ಲೆಕ್ಕ ಕೊಟ್ಟರು. ಸುತ್ತ ಎಲೆ ಉದುರುವ ಕಾಡು, ನಡುವೆ ನಡುವೆ ಸದಾ ಹಸಿರಿನ ಈ ತುಂಡುಗಳು. ಜನ ಅವನ್ನು ದೇವರ ಭಯದಿಂದ ಕಾದರು, ನಿಜ. ಆದರೆ ಒಳಗೆ ಕಾಳುಮೆಣಸು ಇತ್ತು, ಬೈನೆ ಇತ್ತು, ನೀರಿನ ಸೆಲೆ ಇತ್ತು. ಕಾನು ಕಡಿದರೆ ಊರಿಗೆ ನಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಆ ನಂಟು ಸಡಿಲವಾದ ಮೇಲೆ ಎಷ್ಟೋ ಕಾನುಗಳು ಕರಗಿದವು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳ ಕಥೆಯೂ ಬೇರೆಯಲ್ಲ. ಬೆಟ್ಟ, ಹುಲ್ಲು ಬೆಳೆಯುವ ಬ್ಯಾಣ, ದರೆ, ಬೇಲಿ, ಇವು ತೋಟವೂ ಅಲ್ಲದ ಕಾಡೂ ಅಲ್ಲದ ಜಾಗಗಳು. ಅರೆ ಬಿಸಿಲು, ಹತ್ತಲು ಪೊದೆ, ಬುಡಕ್ಕೆ ಉದುರಿದ ಎಲೆಯ ದರಗು. ಈಶ್ವರಿ ಬಳ್ಳಿಗೆ ಬೇಕಾದ್ದು ಅಷ್ಟೇ. ಬ್ಯಾಣಕ್ಕೆ ಅಕೇಶಿಯಾ ಬಂದ ಕಡೆ ಕೆಳಗೆ ಒಣ ಎಲೆಯ ದಪ್ಪ ಹಾಸು ಬಿಟ್ಟರೆ ಹೆಚ್ಚೇನೂ ಏಳುವುದಿಲ್ಲ. ಬ್ಯಾಣವೂ ತೋಟವಾದ ಕಡೆ ಅಂಚು ಅನ್ನುವುದೇ ಇರುವುದಿಲ್ಲ, ಒಂದು ತೋಟದ ತುದಿಗೆ ಇನ್ನೊಂದು ತೋಟ. ಶರಾವತಿ ಕಣಿವೆಯಲ್ಲಿ, ಆಗುಂಬೆಯಲ್ಲಿ ಅಭಯಾರಣ್ಯ, ರಕ್ಷಿತ ಕಾಡು ಇದೆ. ಅಲ್ಲಿ ಚಿಟ್ಟೆ ಇರುತ್ತದೆ. ಆದರೆ ನಮ್ಮ ಮಕ್ಕಳು ಅದನ್ನು ನೋಡಲು ಅಲ್ಲಿಗೆ ಟಿಕೆಟ್ ತೆಗೆದುಕೊಂಡು ಹೋಗುವಂತಾಗಬಾರದು ಅನ್ನುವುದು ನನ್ನ ಹಟ.

ಹಾಗಾದರೆ ಬೇರಿನ ಮದ್ದು ಇದ್ದ ಜಾಗಕ್ಕೆ ಏನು ಬರಬೇಕು? ಚಿಟ್ಟೆಯೇ ಬರಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ. ಇದು ಬರೀ ಆಸೆಯ ಮಾತಲ್ಲ, ಬೇರೆ ಕಡೆ ಮಾಡಿ ತೋರಿಸಿದ್ದಾರೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ರಿಚ್‌ಮಂಡ್ ಬರ್ಡ್‌ವಿಂಗ್ ಅಂತ ಒಂದಿದೆ. ಅದಕ್ಕೂ ಇದೇ ಬಳಗದ ಬಳ್ಳಿ ಬೇಕು. ಕಾಡು ಕಡಿದು ಬಳ್ಳಿ ಹೋಗಿ ಚಿಟ್ಟೆ ಕುಗ್ಗುತ್ತಾ ಬಂತು. 1990ರ ದಶಕದಲ್ಲಿ ಡಾನ್ ಸ್ಯಾಂಡ್ಸ್ ಅನ್ನುವ ಕೀಟ ವಿಜ್ಞಾನಿ ಮುಂದೆ ನಿಂತು ಶಾಲೆಯ ಮಕ್ಕಳಿಂದ, ಮನೆಯವರಿಂದ ಆ ಬಳ್ಳಿಯನ್ನು ಸಾವಿರಗಟ್ಟಲೆ ನೆಡಿಸಿದರು. ಶಾಲೆಯ ಬೇಲಿಗೂ ಚಿಟ್ಟೆ ಬಂದು ಮೊಟ್ಟೆಯಿಟ್ಟಿತು. ಅವರು ಇನ್ನೊಂದು ಎಚ್ಚರವನ್ನೂ ಹೇಳಿದರು. ಅಂದಕ್ಕೆ ಬೆಳೆಸುವ ದೊಡ್ಡ ಹೂವಿನ ದಕ್ಷಿಣ ಅಮೆರಿಕದ ಬಳ್ಳಿಯೂ ಇದೇ ಬಳಗದ್ದು. ಹೆಣ್ಣು ಚಿಟ್ಟೆ ಮೋಸ ಹೋಗಿ ಅದರ ಮೇಲೆ ಮೊಟ್ಟೆಯಿಡುತ್ತದೆ, ಮರಿಗಳು ಎಲೆ ತಿಂದು ಸಾಯುತ್ತವೆ. ನಮ್ಮಲ್ಲೂ ನರ್ಸರಿಯಲ್ಲಿ ಅಂಥ ಬಳ್ಳಿ ಕಂಡರೆ ಚಿಟ್ಟೆಗೆ ಅಂತ ತರಬೇಡಿ. ನಮ್ಮ ಬೇಲಿಯದ್ದೇ ಸಾಕು.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಾಗುವಾನಿ, ಸಿಲ್ವರ್ ಓಕ್ ಸಸಿಗಳ ಪಕ್ಕ ನಾಲ್ಕು ಸಾಲು ಈಶ್ವರಿ ಬಳ್ಳಿಯೂ ಇರಲಿ ಅನ್ನುವುದು ನನ್ನ ಬೇಡಿಕೆ. ರಾಜ್ಯದ ಚಿಟ್ಟೆ ಅಂತ ಘೋಷಿಸಿದ ಮೇಲೆ ಅದರ ಊಟದ ಬಳ್ಳಿಯನ್ನು ಬೆಳೆಸಿ ಕೊಡುವುದು ದೊಡ್ಡ ಖರ್ಚಲ್ಲ. ಪ್ರತಿ ಶಾಲೆಯ ಬೇಲಿಗೆ ಎರಡು ಬಳ್ಳಿ ಸಾಕು. ಬೇರು ತಿನ್ನುವಂತಿಲ್ಲ ಅಂತ ಮಕ್ಕಳಿಗೆ ಹೇಳಿಯೇ ನೆಡಿಸಬೇಕು.

ಅಲ್ಲಿಯವರೆಗೆ ನಾವೇ ಮಾಡಿಕೊಳ್ಳಬಹುದು. ಬೇಸಿಗೆ ಬರುವ ಹೊತ್ತಿಗೆ ಕಾಯಿ ಒಣಗಿ ಬುಡದಿಂದ ಬಿರಿದು ಸಣ್ಣ ತೂಗುಬುಟ್ಟಿಯಂತೆ ನೇತಾಡುತ್ತದೆ. ಒಳಗೆ ಚಪ್ಪಟೆಯಾದ, ರೆಕ್ಕೆಯಿರುವ ಬೀಜ. ಗಾಳಿಗೆ ಹಾರಿಹೋಗುವ ಮೊದಲು ಕೂಡಿಟ್ಟುಕೊಂಡು ಮಳೆ ಶುರುವಾಗುವಾಗ ಬೇಲಿಯ ಬುಡದಲ್ಲೇ ಹಾಕಿದರೆ ಆಯಿತು. ತೋಟ ಸವರಿಸುವ ಹಿಂದಿನ ದಿನ ಬಳ್ಳಿಗೆ ಒಂದು ಬಣ್ಣದ ಬಟ್ಟೆಯ ಚೂರು ಕಟ್ಟಿ, ಕಟ್ಟರ್ ಹಿಡಿಯುವವರಿಗೆ ತೋರಿಸಿ. ಹುಳ ಬಂದು ಎಲೆ ಖಾಲಿ ಮಾಡಿದರೆ ಔಷಧಿ ಹೊಡೆಯಬೇಡಿ. ಬೇಸಿಗೆಯಲ್ಲಿ ಬಳ್ಳಿ ಒಣಗಿ ಸತ್ತಂತೆ ಕಾಣುತ್ತದೆ. ಎಷ್ಟೋ ಜನ ಅದನ್ನು ಕಿತ್ತು ಬಿಸಾಡುವುದು ಆಗಲೇ. ಕೀಳಬೇಡಿ, ಬೇರು ಜೀವಂತ ಇರುತ್ತದೆ, ಮಳೆ ಬಿದ್ದ ಮೇಲೆ ಬುಡದಿಂದ ಚಿಗುರುತ್ತದೆ. ಬುಡ ಎಲ್ಲಿದೆ ಅಂತ ಮರೆಯದಿರಲು ಪಕ್ಕದಲ್ಲೊಂದು ಗೂಟ ಹೊಡೆದಿಡಿ.